ಬಡ ನಾಡಿನ ಬೊಕ್ಕಸವೂ ವಿದ್ಯೆಯ ವೆಚ್ಚವೂ

ಬಡ ದೇಶವು ಮೊದಲು ನೀರಾವರಿ, ರಸ್ತೆ, ಕೈಗಾರಿಕೆಗಳಿಗೆ ಹಣ ಹಾಕಬೇಕು, ಅವುಗಳ ಆದಾಯ ಬಂದ ಮೇಲೆ ಕಾಲೇಜುಗಳನ್ನು ನಡೆಸಿದರಾಯಿತು ಎಂಬ ವಾದವನ್ನು ನಮ್ಮ ಚರ್ಚಾಕೂಟಗಳಲ್ಲಿ ಆಗಾಗ ಕೇಳುತ್ತೇವೆ. ಬಿ.ಎ. ತರಗತಿಗೆ ಮಾಡುವ ಖರ್ಚಂತೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎನ್ನುವವರೂ ಉಂಟು. ವೇದಾವತಿ ಹೊಳೆ ಹೆಚ್ಚು ಕಾಲ ಬತ್ತಿಯೇ ಇರುವ ಸೀಮೆಯವರು ನಾವು. ನೀರಾವರಿ ಬೇಡವೆಂದು ಹೇಗೆ ಹೇಳೋಣ? ಆದರೂ ಈ ವಾದವನ್ನು ನಾನು ಒಪ್ಪಲಾರೆ.

ಹಳೆಯ ಮೈಸೂರು ಸಂಸ್ಥಾನವನ್ನೇ ನೋಡಿ. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಕಟ್ಟೆ ಮುಗಿದು, ಪೈರು ಬೆಳೆದು, ಕಂದಾಯ ಬರಲೆಂದು ವಿಶ್ವೇಶ್ವರಯ್ಯನವರು ಕಾದು ಕೂಡಲಿಲ್ಲ. ಅವರ ದಿವಾನಗಿರಿಯಲ್ಲಿಯೇ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯೂ 1916ರಲ್ಲಿ ವಿಶ್ವವಿದ್ಯಾನಿಲಯವೂ ಬಂದವು. ಅಂದಿನ ಬೊಕ್ಕಸ ಇಂದಿನದಕ್ಕಿಂತ ದೊಡ್ಡದಾಗಿತ್ತೆ? ಸ್ವಾತಂತ್ರ್ಯಾನಂತರ, 1966ರಲ್ಲಿ ಕೊಠಾರಿ ಆಯೋಗವು ರಾಷ್ಟ್ರಾದಾಯದ ನೂರಕ್ಕೆ 6 ಪಾಲು ಶಿಕ್ಷಣಕ್ಕೆ ಸಲ್ಲಬೇಕೆಂದಿತು. 1968ರ ನೀತಿ ಅದನ್ನು ಒಪ್ಪಿತು. 2020ರ ನೀತಿ ಅದೇ ಅಂಕಿಯನ್ನು ಮತ್ತೆ ಬರೆಯಿತು.

ಮೊತ್ತದ ಮಾತು ಹಾಗಿರಲಿ, ಹಣ ಎಲ್ಲಿ ಮುಟ್ಟುತ್ತದೆ ಎಂಬುದು ನನಗೆ ಹೆಚ್ಚು ಮುಖ್ಯ. ಚಳ್ಳಕೆರೆಯ ಅಮೃತಮಹಲ್ ಕಾವಲಿಗೆ ಸರಕಾರದ ಹಣ ಧಾರಾಳವಾಗಿ ಬಂದಿದೆ. ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ತೆರೆಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1500 ಎಕರೆ ದೊರೆತಿದೆ. (ಕುರಿಗಾಹಿಗಳ ಹುಲ್ಲುಗಾವಲು ಹೋದ ಕಥೆ ಬೇರೆ; ಅದಕ್ಕೆ ಇನ್ನೊಂದು ಲೇಖನವೇ ಬೇಕು.) ಇವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಕುದಾಪುರದಲ್ಲಿ ಶಾಲಾ ಉಪಾಧ್ಯಾಯರಿಗೆ ನಡೆಯುವ ವಿಜ್ಞಾನದ ತರಬೇತಿ. ಅಲ್ಲಿ ಕಲಿತ ಮೇಷ್ಟ್ರು ತಮ್ಮ ಹಳ್ಳಿಯ ಶಾಲೆಗೇ ಹಿಂದಿರುಗುತ್ತಾರಲ್ಲ!

ನಮ್ಮ ವಂಶದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮದು ಮೊಳಕಾಲ್ಮುರು ಕಡೆಯ ನೇಕಾರರ ಮನೆ. ಮಗ್ಗದ ಮುಂದೆ ಒಬ್ಬರು ಕುಳಿತರೆ ಕಂಡಿಕೆ ಸುತ್ತಲು ಇನ್ನೊಬ್ಬರು ಬೇಕು. ನಾನು ಇಲ್ಲಿಗೆ ಬಂದ ಮೇಲೆ ಆ ಕೆಲಸವೂ ಅಡಿಗೆಯ ಜೊತೆಗೆ ಅಮ್ಮನ ಪಾಲಿಗೆ ಸೇರಿತು. ತಿಂಗಳಿಗೆ ಇಳಿಯುವ ಸೀರೆಗಳೂ ಕಡಿಮೆಯಾದವು. ಕಾಲೇಜಿನ ಶುಲ್ಕ ಅದರ ಮುಂದೆ ಏನೂ ಅಲ್ಲ. ಒಬ್ಬ ವಿದ್ಯಾರ್ಥಿಗೆ ಸರಕಾರ ಇಷ್ಟು ಖರ್ಚು ಮಾಡುತ್ತದೆಂದು ಲೆಕ್ಕ ಹೇಳುವವರು ಈ ಕೂಲಿಯನ್ನು ಎಲ್ಲಿ ಬರೆಯುತ್ತಾರೆ?

ಇದಕ್ಕೆ ವಿರುದ್ಧವಾದ ಸಂಗತಿಯೂ ಒಂದುಂಟು. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾಯಿತು. ಆಯವ್ಯಯದಲ್ಲಿ ಅದು ಸಾರಿಗೆಯ ವೆಚ್ಚ. ಹಳ್ಳಿಯಿಂದ ಬರುವ ನನ್ನ ಸಹಪಾಠಿನಿಯರಿಗೆ ಅದು ವಿದ್ಯೆಯ ವೆಚ್ಚವೇ ಸರಿ. ಖಾಸಗಿ ಬಸ್ಸು ಮಾತ್ರ ಓಡುವ ಊರುಗಳಿಗೆ ಆ ಭಾಗ್ಯವಿಲ್ಲ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ, ಶಿಷ್ಯನು ಗುರುವನ್ನು ಗೌರವಿಸತಕ್ಕದ್ದೆಂದು ಅಶೋಕನು ಬರೆಸಿದ್ದಾನೆ. ನಾವು ಗೌರವಿಸುತ್ತೇವೆ. ಆದರೆ ರಾಜ್ಯದ ಸರಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಅವರ ಮುಷ್ಕರದ ಬಳಿಕ 2022ರ ಜನವರಿಯಲ್ಲಿ ಗೌರವಧನ ಹೆಚ್ಚಿತು. ಕೆಲಸದ ಭದ್ರತೆ ಬರಲಿಲ್ಲ. ಮುಂದಿನ ವರ್ಷ ತಾವು ಇದೇ ಕಾಲೇಜಿನಲ್ಲಿರುವೆವೋ ಇಲ್ಲವೋ ಎಂದು ಅರಿಯದ ಗುರುಗಳು, ಹಿಂದುಳಿದ ಶಿಷ್ಯನನ್ನು ಮೂರು ವರ್ಷ ಕೈಹಿಡಿದು ನಡೆಸುವುದು ಹೇಗೆ? ಕಟ್ಟಡಗಳಿಗೆ ಸುಣ್ಣಬಣ್ಣ ಬಳಿಯುವುದು ಒಂದೆರಡು ವರ್ಷ ತಡವಾದರೂ ಚಿಂತೆಯಿಲ್ಲ. ಮೊದಲು ಆ ಹುದ್ದೆಗಳನ್ನು ಖಾಯಂ ಆಗಿ ತುಂಬಲಿ, ಆಮೇಲೆ ಹಾಸ್ಟೆಲ್ಲುಗಳಲ್ಲಿ ಇನ್ನಷ್ಟು ಮಂಚಗಳನ್ನು ಹಾಕಿಸಲಿ.