ಒಂದು ಟಿಬಿ ಎಂಬ ಮಾಯೆ

ಘಾಟ್ಕೋಪರಿನಲ್ಲಿ ಹಳೇ ಲ್ಯಾಪ್‌ಟಾಪ್ ಕೊಳ್ಳಲು ಹೊರಟರೆ ಅಂಗಡಿಯವನ ಮೊದಲ ಮಾತೇ "ಸಾಬ್, ಇದರಲ್ಲಿ ಒಂದು ಟಿಬಿ ಇದೆ!" ಪಕ್ಕದಲ್ಲೇ ಅದೇ ಬೆಲೆಗೆ 256 ಜಿಬಿ ಎಸ್‌ಎಸ್‌ಡಿಯ ಇನ್ನೊಂದು ಇರುತ್ತದೆ. ನಾಲ್ಕು ಪಟ್ಟು ಜಾಗ ಬಿಟ್ಟುಬರಲು ನಮಗೆ ಮನಸ್ಸಾಗುವುದಿಲ್ಲ. ತೂಕ ನೋಡಿ ತಗೊಳ್ಳುವವರಲ್ಲವೇ ನಾವು? ಇದು ತರಕಾರಿಯಲ್ಲ ಸ್ವಾಮಿ!

ನಾನು ಬಿ.ಕಾಂ. ಓದಿದ ಬ್ಯಾಂಕಿನವನು, ಇಂಜಿನಿಯರ್ ಅಲ್ಲ. ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ. ಹಿಂದೆ ಲೆಡ್ಜರ್ ಬೇಕೆಂದರೆ ಪ್ಯೂನ್ ಎದ್ದು ರೆಕಾರ್ಡ್ ರೂಮಿಗೆ ಹೋಗಿ, ಹುಡುಕಿ ತರಬೇಕಿತ್ತು. ಹಾರ್ಡ್ ಡಿಸ್ಕ್ ಆ ಪ್ಯೂನ್ ಇದ್ದಂತೆ. ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯ ಮೇಲೆ ಪುಟ್ಟ ಕೈಯೊಂದು ಅತ್ತಿತ್ತ ಓಡಾಡಿ ಜಾಗ ಹುಡುಕುತ್ತದೆ. ಒಂದೊಂದು ಹುಡುಕಾಟಕ್ಕೂ ಸೆಕೆಂಡಿನ ನೂರನೇ ಒಂದು ಭಾಗ, ಇಲ್ಲವೇ ಇನ್ನೂ ಸ್ವಲ್ಪ ಹೆಚ್ಚು. ಅಷ್ಟೇ ತಾನೇ ಅಂತೀರಾ? ವಿಂಡೋಸ್ ಏಳುವಾಗ ಇಂಥ ಸಾವಿರಾರು ಹುಡುಕಾಟ ನಡೆಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಓಡುವುದೂ ಇಲ್ಲ. ಅದೇ ಕೆಲಸ ನೂರು ಪಟ್ಟು ಬೇಗ. ಲೋಕಲ್ಲಿನ ನೂಕಾಟದಲ್ಲಿ ತಟ್ಟೆಗೆ ಪೆಟ್ಟು ಬೀಳುವ ಭಯವೂ ಇಲ್ಲ, ತಟ್ಟೆಯೇ ಇಲ್ಲವಲ್ಲ.

ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳು ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಳೆ. ತಂದೆ ಇಲ್ಲ, ತಾಯಿಯ ಟಿಫಿನ್ ಡಬ್ಬಿಯ ದುಡಿಮೆ. ಲ್ಯಾಪ್‌ಟಾಪ್ ಏಳಲು ಏಳೆಂಟು ನಿಮಿಷ. ರಿಪೇರಿಯವನು "ಇದರ ಕಥೆ ಮುಗಿಯಿತು ಆಂಟಿ, ಹೊಸದು ತಗೊಳ್ಳಿ, ಇಎಂಐ ಮಾಡಿಸಿಕೊಡ್ತೀನಿ" ಅಂದನಂತೆ. ಇಎಂಐ! ಸಾಲ ಕೊಡುವ ಕೆಲಸದ ನನಗೇ ಮೈ ಉರಿಯಿತು. ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಎರಡೂವರೆ ಇಂಚಿನ 500 ಜಿಬಿ ಎಸ್‌ಎಸ್‌ಡಿ ತಂದು ಹಾಕಿಸಿದೆವು. ಖರ್ಚು ಹೊಸ ಲ್ಯಾಪ್‌ಟಾಪಿನ ಹತ್ತನೇ ಒಂದು ಪಾಲು. ಈಗ ಅರ್ಧ ನಿಮಿಷದಲ್ಲಿ ಏಳುತ್ತದೆ. ರಿಪೇರಿಯವನಿಗೆ ಇದು ಗೊತ್ತಿರಲಿಲ್ಲ ಅಂತ ನಾನಂತೂ ನಂಬುವುದಿಲ್ಲ.

ಇನ್ನು "ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತದೆ" ಎಂದು ಹೆದರಿಸುವವರು. ಸವೆಯುತ್ತದೆ, ನಿಜ. ಲೆಕ್ಕ ಹಾಕೋಣ. ಸ್ಯಾಮ್‌ಸಂಗ್ 870 ಇವೋದ 500 ಜಿಬಿ ಡ್ರೈವಿಗೆ ಕಂಪನಿ ಹೇಳುವ ಮಿತಿ 300 ಟಿಬಿ ಬರವಣಿಗೆ. ದಿನಕ್ಕೆ 20 ಜಿಬಿ ಬರೆದರೂ 15,000 ದಿನ, ಅಂದರೆ ನಲವತ್ತೊಂದು ವರ್ಷ! ನನ್ನ ಪೆನ್ಶನ್ ಅಷ್ಟು ವರ್ಷ ಬಂದರೆ ಸಾಕು.

ಬೆಲೆಯ ವಿಷಯದಲ್ಲಿ ಮಾತ್ರ ಅವರ ಮಾತಿಗೆ ಸ್ವಲ್ಪ ಬಲವಿದೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಹಸಿವಿನಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿತು. ಆದರೂ 256 ಜಿಬಿಯಲ್ಲಿ ವಿಂಡೋಸ್, ಟ್ಯಾಲಿ, ಎಕ್ಸೆಲ್ ಆರಾಮಾಗಿ ಹಿಡಿಯುತ್ತವೆ.

ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕಿ ಅಂತ ನಾನೇನೂ ಹೇಳುತ್ತಿಲ್ಲ. ಕರೆಂಟ್ ಕಾಣದೆ ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದ ಎಸ್‌ಎಸ್‌ಡಿಯ ಚಾರ್ಜ್ ನಿಧಾನಕ್ಕೆ ಸೋರಿ ಡೇಟಾ ಹೋಗಬಹುದು. ಅಳಿಸಿದ ಫೈಲನ್ನು ಅದರಿಂದ ಮರಳಿ ಪಡೆಯುವುದೂ ಬಲು ಕಷ್ಟ. ಮದುವೆ ಫೋಟೋ, ಮನೆ ಪತ್ರದ ಸ್ಕ್ಯಾನ್ ಇಂಥವುಗಳಿಗೆ ಹಾರ್ಡ್ ಡಿಸ್ಕೇ ಸರಿ. ಎರಡು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿರಲಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಆ ಹುಡುಗಿಯ ಹಳೇ ಡಿಸ್ಕ್ ಪರೀಕ್ಷಿಸಿದಾಗ ಚೆನ್ನಾಗೇ ಇತ್ತು. ಯುಎಸ್‌ಬಿ ಡಬ್ಬಿಯೊಳಗೆ ಸೇರಿ ಈಗ ಕುಂದಾಪುರದಲ್ಲಿ ಅವಳ ಸೋದರಮಾವನ ಮನೆಯಲ್ಲಿದೆ.