ಚರ್ಚ್ ಶಾಲೆಗಳಲ್ಲಿ ಎಲ್ಲ ಧರ್ಮಗಳ ಪರಿಚಯವಾಗಲಿ



ಬೆಳಗಾವಿ, ಖಾನಾಪುರದ ಚರ್ಚ್ ಶಾಲೆಗಳಲ್ಲಿ ಬೇರೆ ಬೇರೆ ಧರ್ಮದ ಮಕ್ಕಳು ಕಲಿಯುತ್ತಾರೆ. 2022ರಲ್ಲಿ ಮಕ್ಕಳು ಬೈಬಲ್ ತರಬೇಕೆಂಬ ಬೆಂಗಳೂರಿನ ಶಾಲೆಯೊಂದರ ನಿಯಮದ ಬಗ್ಗೆ ವಿವಾದವೆದ್ದಾಗ, ಶಾಲೆಯಲ್ಲಿ ಧರ್ಮದ ಮಾತೇ ಬೇಡವೆಂದವರುಂಟು. ಅದು ನೆಗಡಿಗೆ ಮೂಗು ಕೊಯ್ದಂತೆ. ಪೋಷಕರ ಒಪ್ಪಿಗೆಯಿಲ್ಲದೆ ಮಗುವಿಗೆ ಧರ್ಮಬೋಧನೆ ಕಡ್ಡಾಯ ಮಾಡಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಆದರೆ ಧರ್ಮಗಳ ಅಧ್ಯಯನಕ್ಕೆ ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಎಲ್ಲ ಧರ್ಮಗಳನ್ನು ಪರಿಚಯಿಸಿದರೆ ಚಿಕ್ಕ ಮಕ್ಕಳಿಗೆ ಗೊಂದಲವಾದೀತೆಂಬ ಆಕ್ಷೇಪವೂ ನಿಲ್ಲದು. ಬೆಳಗಾವಿ ಕೋಟೆಯೊಳಗೇ ಕಮಲ ಬಸದಿ, ಸಫಾ ಮಸೀದಿ, ರಾಮಕೃಷ್ಣ ಆಶ್ರಮಗಳಿವೆ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಭೂವರಾಹ ನರಸಿಂಹ ದೇಗುಲವೂ ಜೈನ ಬಸದಿಯೂ ಇವೆ. ಕಣ್ಣೆದುರಿಗೇ ಇರುವುದನ್ನು ವಿವರಿಸಿದರೆ ಗೊಂದಲವೆಲ್ಲಿಯದು?

ನೀತಿಪಾಠದ ಅವಧಿಯನ್ನು ಎಲ್ಲ ಧರ್ಮಗಳ ಪರಿಚಯಕ್ಕೆ ಬಳಸಿ, ಬೈಬಲ್ ತರಗತಿಗೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಆಡಳಿತ ಮಂಡಳಿಗಳನ್ನು ಕೋರುತ್ತೇನೆ. ಶಿಕ್ಷಣ ಇಲಾಖೆಯೂ ಈ ಬಗ್ಗೆ ಸ್ಪಷ್ಟ ಸುತ್ತೋಲೆ ಹೊರಡಿಸಲಿ.

– ಓದುಗ, ಖಾನಾಪುರ