ಬೆಂಡಿನ ವಿಮಾನ



ಶಿಕ್ಷಕ ತರಬೇತಿಯ ದಿನಗಳಲ್ಲಿ, ಬಾಲ್ಸಾ ಎಂಬ ಹಗುರ ಮರದ ಪಟ್ಟಿಗಳಿಂದ ವಿಮಾನದ ಮಾದರಿಗಳನ್ನು ಕಟ್ಟುವುದು ನನ್ನ ಗೀಳಾಗಿತ್ತು. ಸಂಸಾರ, ಶಾಲೆಗಳ ಹೊಣೆಯಲ್ಲಿ ಅದು ಮೂವತ್ತು ವರ್ಷ ಅಟ್ಟ ಸೇರಿತ್ತು. ಈ ಸುಗ್ಗಿಯ ಹೊತ್ತಿಗೆ ಮತ್ತೆ ಕೈಹಾಕಿದೆ.

ಆರಿಸಿಕೊಂಡದ್ದು ಎಚ್‌ಟಿ-2. ಡಾ. ವಿ. ಎಂ. ಘಾಟಗೆಯವರ ವಿನ್ಯಾಸದಂತೆ ಬೆಂಗಳೂರಿನಲ್ಲಿ ನಿರ್ಮಿತವಾಗಿ 1951ರಲ್ಲಿ ಹಾರಿದ ಈ ತರಬೇತಿ ವಿಮಾನದಲ್ಲಿ ಗುರುಶಿಷ್ಯರಿಗೆ ಹಿಂದುಮುಂದಾಗಿ ಎರಡು ಆಸನಗಳು. ರೆಕ್ಕೆಗಳ ಹರಹು ಸುಮಾರು 10.7 ಮೀಟರ್, ಮೂವತ್ತಾರರಲ್ಲಿ ಒಂದು ಪಾಲಿಗೆ ಇಳಿಸಿದರೆ ಮಕ್ಕಳ ಅಳತೆಪಟ್ಟಿಯಷ್ಟು, 30 ಸೆಂಟಿಮೀಟರ್.

ಆದವಾನಿಯ ಪೇಟೆಯಲ್ಲಿ ಬಾಲ್ಸಾ ದೊರೆಯಲಿಲ್ಲ. ರಟ್ಟನ್ನು ಕತ್ತರಿಸಹೊರಟರೆ ಕಣ್ಣು ಮಂಜು, ಕೈ ನಡುಕ. ಎರಡು ಬಾರಿ ರೆಕ್ಕೆ ಮುರಿಯಿತು. ಬಿಟ್ಟುಬಿಡೋಣವೆನ್ನುವಷ್ಟರಲ್ಲಿ ಐದನೆಯ ತರಗತಿಯ ಹುಡುಗನೊಬ್ಬ, "ಸಾರ್, ಜ್ವಾಳದ ದಂಟಿನ ಬೆಂಡು ಆಗಂಗಿಲ್ಲೇನ್ರೀ?" ಎಂದ. ಬಾಲ್ಸಾದಂತೆ ಬೆಂಡಿನ ಒಡಲಲ್ಲೂ ಗಾಳಿಯೇ ಹೆಚ್ಚು. ದಂಟಿನ ಸಿಬಿರುಗಳೇ ಮೊಳೆಗಳಾದವು. ನಾನು ಅಳೆದೆ, ಅವನು ಚುಚ್ಚಿ ಜೋಡಿಸಿದ. ಭಿನ್ನರಾಶಿಗೆ ಅಂಜುತ್ತಿದ್ದವನು ಮೂವತ್ತಾರರಿಂದ ಭಾಗಿಸುವುದನ್ನು ತಾನಾಗಿ ಕೇಳಿ ಕಲಿತ.

ವಿಮಾನವೀಗ ಶಾಲೆಯ ತೊಲೆಯಿಂದ ತೂಗುತ್ತಿದೆ. ಎರಡು ಆಸನಗಳಲ್ಲಿ ಗುರುವಿನದು ಯಾವುದೆಂದು ಮಕ್ಕಳು ಕೇಳುತ್ತಾರೆ. ಈ ಬಾರಿ ಶಿಷ್ಯನ ಆಸನದಲ್ಲಿ ಕುಳಿತವನು ನಾನೇ ಎಂದು ಅವರಿಗೆ ಹೇಳಿದ್ದೇನೆ.